ಗೀಸರ್ ಸೋರುತ್ತಿದೆ: ರಿಪೇರಿಯೋ, ಹೊಸದೋ?

ಪ್ರಶ್ನೆ (ಬೆಂಗಳೂರು): ನಮ್ಮದು ಫ್ಲ್ಯಾಟ್, ಬೋರ್‌ವೆಲ್ ನೀರು. ಏಳು ವರ್ಷ ಹಳೆಯ 15 ಲೀಟರ್ ಗೀಸರ್‌ನ ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿದೆ. ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ರಿಪೇರಿಗೆ ಬಂದವರು ಬಾಗಿಲಲ್ಲೇ ನಿಂತು ‘ಹೊಸದು ಹಾಕಿಸಿ’ ಎಂದರು. ನಿಜವೇ ಸರ್?

ಉತ್ತರ: ಮೇಡಂ, ಬಾಗಿಲಲ್ಲಿ ನಿಂತು ಅದನ್ನು ಹೇಳಲು ಬರುವುದಿಲ್ಲ. ಸ್ವಿಚ್, ಮನೆಯ ಕರೆಂಟ್ ಬೋರ್ಡಿನಲ್ಲಿರುವ ಗೀಸರ್‌ನ ಎಂಸಿಬಿ ಎರಡನ್ನೂ ಆರಿಸಿ. ನೀರು ತಣಿದ ಮೇಲೆ ಗೀಸರ್‌ನ ತಳವನ್ನು ಒಣಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ಮೊದಲ ಹನಿ ಎಲ್ಲಿ ಮೂಡುತ್ತದೆ ನೋಡಿ. ಪೈಪಿನ ಜೋಡಣೆಯಲ್ಲಾದರೆ ಒಂದು ವಾಷರ್‌ನ ಮಾತು. ನೀರು ಕಾಯಿಸುವ ಎಲಿಮೆಂಟ್ ಕೂರಿಸಿದ ತಟ್ಟೆಯ ಅಂಚಿನಲ್ಲಾದರೆ ಅಲ್ಲಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸಿದರೆ ಆಯಿತು. ತಣ್ಣೀರು ಒಳಹೋಗುವ ಕಡೆ ಇರುವ ಪುಟ್ಟ ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಮಾತ್ರ ನಾಲ್ಕು ಹನಿ ಬಿದ್ದರೆ ಅದು ದೋಷವೇ ಅಲ್ಲ; ಕಾದು ಹಿಗ್ಗಿದ ನೀರಿನ ಒತ್ತಡ ಇಳಿಯುವ ದಾರಿ ಅದು. ಯಾರಾದರೂ ಆ ತೂತು ಮುಚ್ಚಲು ಬಂದರೆ ಬಿಡಬೇಡಿ, ಟ್ಯಾಂಕ್ ಸಿಡಿಯಬಹುದು.

ಹೊರಕವಚದ ಒಳಗಿನಿಂದ ತುಕ್ಕುಬಣ್ಣದ ನೀರು ಇಳಿಯುತ್ತಿದ್ದರೆ ಮಾತ್ರ ಒಳಟ್ಯಾಂಕ್ ತೂತಾಗಿದೆ ಎಂದು ತಿಳಿಯಿರಿ. ಅದಕ್ಕೆ ಬೆಸುಗೆ ಹಾಕಿಸುವುದು ದಂಡ. ಬೆಸುಗೆಯ ಕಾವಿಗೆ ಒಳಲೇಪನ ಸುಟ್ಟು, ಪಕ್ಕದಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ.

ನಿಧಾನವಾಗಿ ಕಾಯುವುದಕ್ಕೆ ಕಾರಣ ಬಹುಮಟ್ಟಿಗೆ ಬೋರ್‌ವೆಲ್ ನೀರೇ. ಎಲಿಮೆಂಟ್ ಬಿಚ್ಚಿದರೆ ಅದರ ಸುತ್ತ ಬಿಳಿಯ ಸುಣ್ಣ ಬೆರಳಿನ ದಪ್ಪಕ್ಕೆ ಗಟ್ಟಿ ಕೂತಿರುತ್ತದೆ, ತಳದಲ್ಲಿ ಹಿಡಿಗಟ್ಟಲೆ ಚೂರು ಬಿದ್ದಿರುತ್ತದೆ. ಟ್ಯಾಂಕ್ ಗಟ್ಟಿಯಿದ್ದರೆ ಸುಣ್ಣ ತೆಗೆಸಿ ಇನ್ನೂ ಕೆಲವು ವರ್ಷ ಬಳಸಬಹುದು.

ಪ್ರಶ್ನೆ (ಅವರೇ): ಒರೆಸಿ ನೋಡಿದೆವು. ಕವಚದ ಒಳಗಿನಿಂದಲೇ ಕೆಂಪು ನೀರು ಬರುತ್ತಿದೆ. ಅಂಗಡಿಯವರು 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ತೆಗೆದುಕೊಳ್ಳಿ, ಕರೆಂಟ್ ಅರ್ಧಕ್ಕರ್ಧ ಉಳಿಯುತ್ತದೆ ಎನ್ನುತ್ತಾರೆ. ನಾವು ನಾಲ್ವರು, ಎಲ್ಲರಿಗೂ ಬೆಳಿಗ್ಗೆಯೇ ಸ್ನಾನ ಆಗಬೇಕು.

ಉತ್ತರ: ಹಾಗಿದ್ದರೆ ಹೊಸದೇ ಬೇಕು. ಆದರೆ ಆ ‘ಅರ್ಧಕ್ಕರ್ಧ’ದ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಯಾವ ಗೀಸರ್‌ಗಾದರೂ ಅಷ್ಟೇ ವಿದ್ಯುತ್ ಬೇಕು. ಇನ್‌ಸ್ಟಂಟ್‌ನಲ್ಲಿ ತಪ್ಪುವುದು ಕಾದ ನೀರು ಟ್ಯಾಂಕಿನಲ್ಲಿ ನಿಂತು ತಣಿಯುವ ನಷ್ಟ ಮಾತ್ರ. 3 ಕಿಲೋವಾಟ್‌ನ ಇನ್‌ಸ್ಟಂಟ್, ಚಳಿಗಾಲದ 20 ಡಿಗ್ರಿ ನೀರನ್ನು 40ಕ್ಕೆ ಏರಿಸಿ ಕೊಡುವುದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. 15 ಲೀಟರ್ ಬಕೆಟ್ ತುಂಬಲು ಏಳು ನಿಮಿಷ. ಅಡುಗೆಮನೆಯ ಸಿಂಕಿಗೆ ಅದು ಸೊಗಸು. ಶಾಲೆ, ಕಚೇರಿಗೆ ಹೊರಟ ನಾಲ್ವರಿಗೆ ಜಗಳದ ಮೂಲ.

25 ಲೀಟರ್ ಹಾಕಿಸಿ. 2 ಕಿಲೋವಾಟ್‌ನದು 25 ಡಿಗ್ರಿ ನೀರನ್ನು ಅರ್ಧ ಗಂಟೆಯಲ್ಲಿ, ಸುಮಾರು ಒಂದು ಯೂನಿಟ್‌ನಲ್ಲಿ 60ಕ್ಕೆ ತರುತ್ತದೆ. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 55 ಲೀಟರ್‌ಗೂ ಮೇಲೆ ಸಿಗುತ್ತದೆ. ಒಳಗೆ ಗಾಜಿನ ಲೇಪನವಿರಲಿ, ಮೆಗ್ನೀಸಿಯಂ ರಾಡ್ ದಪ್ಪವಿರಲಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಆ ರಾಡಿನ ಕೆಲಸ. ನಿಮ್ಮ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಸವೆದಿದ್ದರೆ ಬದಲಿಸಿ. ಅದನ್ನು ಮರೆತ ಮನೆಗಳಲ್ಲೇ ಟ್ಯಾಂಕ್ ಬೇಗ ಹೋಗುತ್ತದೆ. ಥರ್ಮೋಸ್ಟಾಟ್ 55–60ರಲ್ಲಿರಲಿ, ಕಾವು ಏರಿದಷ್ಟೂ ಸುಣ್ಣ ಕಟ್ಟುವುದು ಹೆಚ್ಚು. ಫ್ಲ್ಯಾಟಿನಲ್ಲಿ ಪ್ರೆಷರ್ ಪಂಪ್ ಇದ್ದರೆ 8 ಬಾರ್ ಒತ್ತಡ ತಡೆಯುವ ಮಾದರಿಯನ್ನೇ ಕೇಳಿ. ಪ್ಲಗ್ 16 ಆಂಪಿಯರ್‌ದು, ಅರ್ತಿಂಗ್ ಸರಿಯಿರಬೇಕು, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸಿಬಿಡಿ.

ಪ್ರಶ್ನೆ (ಮೈಸೂರು): ನಾವು ಗ್ಯಾಸ್ ಗೀಸರ್ ಹಾಕಿಸುವವರಿದ್ದೇವೆ. ಬಚ್ಚಲಮನೆಯಲ್ಲಿ ಚಿಕ್ಕ ಕಿಟಕಿ ಇದೆ, ಸಾಕಲ್ಲವೇ?

ಉತ್ತರ: ಸಾಲದು ಸರ್. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತದೆ. ಗಾಳಿ ಕಡಿಮೆಯಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಲಕ ಹಾಕಿಕೊಂಡು ಸ್ನಾನ ಮಾಡುವವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಚಳಿಗೆ ಕಿಟಕಿ ಮುಚ್ಚುವವರೂ ನಾವೇ ತಾನೆ? ಗೀಸರ್, ಸಿಲಿಂಡರ್ ಎರಡೂ ಹೊರಗಿನ ತೆರೆದ ಜಾಗದಲ್ಲಿರಲಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಅಂಥ ಜಾಗವಿಲ್ಲದಿದ್ದರೆ ಆ ಯೋಚನೆಯನ್ನೇ ಕೈಬಿಡಿ.

ಪ್ರಶ್ನೆ (ತೀರ್ಥಹಳ್ಳಿ): ನಮ್ಮದು ಸ್ವಂತ ಮನೆ, ಬೋರ್‌ವೆಲ್ ನೀರು ಗಡಸು. ಸೋಲಾರ್ ಹಾಕಿಸಿ ಬಚ್ಚಲ ಒಲೆ, ಹಂಡೆ ತೆಗೆಸಿಬಿಡೋಣವೇ?

ಉತ್ತರ: ಸೋಲಾರ್ ಹಾಕಿಸಿ, ಒಲೆ ಒಡೆಸಬೇಡಿ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಕೂತರೆ ತಣ್ಣೀರೇ ಗತಿ. ಆಗ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಗಿಂತ ಅಗ್ಗದ ಉರುವಲು ಇನ್ನೇನಿದೆ? ಗಡಸು ನೀರಿಗೆ ಗಾಜಿನ ಕೊಳವೆಯ ಮಾದರಿ ವಾಸಿ, ಅದರ ಬಾಯಿ ಅಗಲ. ತಾಮ್ರದ ಪ್ಯಾನೆಲ್ಲಿನ ಸಣ್ಣ ಪೈಪುಗಳು ಸುಣ್ಣ ತುಂಬಿ ಕಟ್ಟಿಕೊಳ್ಳುತ್ತವೆ. ಹಾಕಿಸುವಾಗ ಟ್ಯಾಂಕಿನಿಂದ ಬಚ್ಚಲಿಗೆ ಪೈಪಿನ ದೂರವನ್ನು ಆದಷ್ಟು ಕಡಿಮೆ ಮಾಡಿಸಿ, ಬಿಸಿನೀರಿನ ಪೈಪಿಗೆ ಶಾಖ ತಡೆಯುವ ಕವಚ ಸುತ್ತಿಸಿ.