ರೆಕ್ಕೆಯ ತುದಿ ಕಡೆ ಮಾತ್ರ ಥರ್ಮಾಕೋಲ್ ಜಾಸ್ತಿ ಕರಗುತ್ತಿದೆ, ಯಾಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಥರ್ಮಾಕೋಲ್ ಅಕ್ಷರ ಕೊರೆದವರು. ಮದುವೆ ಮಂಟಪ, ಗಣಪತಿ ಪೆಂಡಾಲ್, ಶಾಲೆ ವಾರ್ಷಿಕೋತ್ಸವ, ಎಲ್ಲಕ್ಕೂ ಅವರೇ. 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವ ಹಾಗಿಲ್ಲ ಅಂತಾಯಿತು. ಆ ಕೆಲಸ ನಿಂತಿತು. ಅವರ ಬಿದಿರಿನ ಬಿಲ್ಲು, ಒಂದು ಸುರುಳಿ ನೈಕ್ರೋಮ್ ತಂತಿ (ಕರೆಂಟ್ ಹರಿಸಿದರೆ ಕಾದು ಥರ್ಮಾಕೋಲ್ ಕೊರೆಯುವಂಥದ್ದು) ಅಟ್ಟದ ಮೇಲೆ ಉಳಿದಿದ್ದವು. ಅದೇ ತಂತಿ ಹಾಕಿ ನಾನೀಗ ಆರ್‌ಸಿ (ರಿಮೋಟಿನಲ್ಲಿ ಹಾರಿಸುವ ಪುಟ್ಟ) ವಿಮಾನದ ರೆಕ್ಕೆ ಕೊರೆಯುವ ಯಂತ್ರ ಕಟ್ಟಿದ್ದೇನೆ.

ಎರಡು ಕಡೆ ಎರಡು ಕಂಬ, ನಡುವೆ 75 ಸೆಂ.ಮೀ. ತಂತಿ, 0.3 ಮಿ.ಮೀ. ದಪ್ಪದ್ದು. ಪ್ರತಿ ಕಂಬಕ್ಕೂ ಹಿಂದೆ-ಮುಂದೆ ಒಂದು, ಮೇಲೆ-ಕೆಳಗೆ ಒಂದು ಮೋಟಾರ್. ಒಟ್ಟು ನಾಲ್ಕು ನೆಮಾ 17 ಸ್ಟೆಪ್ಪರ್ ಮೋಟಾರ್. ಮೋಟಾರ್ ಓಡಿಸಲು ಆರ್ಡುಯಿನೊ ಮೆಗಾ, ರಾಂಪ್ಸ್ 1.4 ಬೋರ್ಡ್ ಬೆಂಗಳೂರಿನ ಎಸ್‌ಪಿ ರೋಡಿಂದ ತಂದೆ. ಜಾರುವುದಕ್ಕೆ ಅಡುಗೆಮನೆ ಡ್ರಾಯರ್‌ಗೆ ಹಾಕುವ ಚಾನೆಲ್. ತಂತಿಗೆ 24 ವೋಲ್ಟ್ ಸಪ್ಲೈ, ಮಾಸ್‌ಫೆಟ್ (ಕರೆಂಟ್ ಹೆಚ್ಚು-ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ಬಿಸಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇಟ್ಟಿದ್ದೇನೆ.

ರೆಕ್ಕೆ ಕ್ಲಾರ್ಕ್ ವೈ ಆಕಾರ (ಕೆಳಗೆ ಹೆಚ್ಚು ಕಡಿಮೆ ಚಪ್ಪಟೆ, ಮೇಲೆ ಉಬ್ಬು). ಬುಡದ (ವಿಮಾನಕ್ಕೆ ಸೇರುವ ಕಡೆಯ) ಅಗಲ 220 ಮಿ.ಮೀ., ತುದಿ 140. ಬುಡ ಸರಿಯಾಗಿ ಬರುತ್ತದೆ. ತುದಿ 16.4 ಮಿ.ಮೀ. ದಪ್ಪ ಬರಬೇಕು, 15.8 ಬರುತ್ತಿದೆ. ಅದಕ್ಕಿಂತ ಬೇಜಾರು ಅಂದರೆ ತುದಿಯ ಹಿಂದಿನ ಅಂಚು. ಇಲಿ ಕಚ್ಚಿದ ಹಾಗೆ ಆಗಿದೆ. ಬುಡದಲ್ಲಿ ಅದೇ ಅಂಚು ನೀಟಾಗಿದೆ. ತಂತಿ ತಿನ್ನುವ ಅಗಲಕ್ಕೆ ಅಂತ ಬುಡಕ್ಕೂ ತುದಿಗೂ ಒಂದೇ ಲೆಕ್ಕ, 1 ಮಿ.ಮೀ. ಸೇರಿಸಿದ್ದೇನೆ. ಮೂರು ಹಾಳೆ ಹಾಳಾಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಬಾಲ್ಸಾ_ಬೆಂಗಳೂರು

ಯಂತ್ರ ಸರಿಯಾಗೇ ಇದೆ, ಲೆಕ್ಕ ಒಂದು ಸೇರಿಸಬೇಕು. ಎರಡೂ ಕಂಬ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಸುತ್ತವೆ ಅಲ್ವಾ? ಬುಡದ ಕಡೆ ತಂತಿ 220 ಹೋಗುವಷ್ಟರಲ್ಲಿ ತುದಿಯಲ್ಲಿ 140 ಮಾತ್ರ ಹೋಗಿರುತ್ತದೆ. ಬುಡದಲ್ಲಿ ನಿಮಿಷಕ್ಕೆ 300 ಮಿ.ಮೀ. ಇಟ್ಟರೆ ತುದಿಯಲ್ಲಿ ಸುಮಾರು 190. ಬಿಸಿ ಮಾತ್ರ ತಂತಿ ಉದ್ದಕ್ಕೂ ಒಂದೇ. ನಿಧಾನ ಹೋದ ಕಡೆ ಜಾಸ್ತಿ ತಿನ್ನುತ್ತದೆ. ಹಿಂದಿನ ಅಂಚಿನಲ್ಲಿ ಮೇಲಿನ ಕೊರೆತ, ಕೆಳಗಿನ ಕೊರೆತ ಎರಡೂ ಹತ್ತಿರ ಬರುತ್ತವೆ, ತೆಳು ಜಾಗ, ಅಲ್ಲೇ ಮೊದಲು ಹೋಗುವುದು.

ಹೀಗೆ ಅಳೆಯಿರಿ. ಬೇಡದ ತುಂಡು ತಗೊಂಡು 20 ಮಿ.ಮೀ. ಅಂತರದಲ್ಲಿ ಎರಡು ನೇರ ಗೆರೆ ಕೊರೆಯಿರಿ, ಒಮ್ಮೆ 300ರಲ್ಲಿ, ಒಮ್ಮೆ 190ರಲ್ಲಿ. ನಡುವಿನ ಪಟ್ಟಿಯನ್ನು ವರ್ನಿಯರ್‌ನಲ್ಲಿ ನೋಡಿ. 20ಕ್ಕೆ ಎಷ್ಟು ಕಡಿಮೆಯೋ ಅಷ್ಟು ಆ ವೇಗದಲ್ಲಿ ತಂತಿ ತಿನ್ನುವ ಅಗಲ. ಬುಡಕ್ಕೆ ಒಂದು, ತುದಿಗೆ ಒಂದು ಅಂತ ಬೇರೆ ಬೇರೆ ಹಾಕಿ.

ಮಲೆನಾಡು_ಗ್ಲೈಡರ್

ತಂತಿಗೆ ಸ್ಪ್ರಿಂಗ್ ಹಾಕಿದ್ದೀರಾ? ನೀವು ಬರೆದಿಲ್ಲ. 75 ಸೆಂ.ಮೀ. ನೈಕ್ರೋಮ್ 300 ಡಿಗ್ರಿ ಬಿಸಿಯಾದರೆ ಸುಮಾರು 3 ಮಿ.ಮೀ. ಉದ್ದ ಆಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಎರಡೂ ತುದಿ ಗಟ್ಟಿ ಕಟ್ಟಿದ್ದರೆ ನಡುವೆ ಹತ್ತಿರ ಹತ್ತಿರ 3 ಸೆಂ.ಮೀ. ಜೋಲು ಬೀಳುತ್ತದೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಒಂದು ಕಡೆ ಎಳೆಯುವ ಸ್ಪ್ರಿಂಗ್ ಇರಲೇಬೇಕು.

ಇನ್ನೊಂದು ಮಾತು. ಥರ್ಮಾಕೋಲ್ ಆದರೂ ಕಿಟಕಿ ತೆಗೆದೇ ಕೊರೆಯಿರಿ. ಸೋಫಾ ಸ್ಪಂಜಿಗೆ ಈ ತಂತಿ ಯಾವತ್ತೂ ತಾಗಿಸಬೇಡಿ. ಅದು ಪಿಯು (ಪಾಲಿಯುರೆಥೇನ್) ಫೋಮ್, ಸುಟ್ಟರೆ ಸಯನೈಡ್ ಹೊಗೆ ಬರುತ್ತದೆ.

ತುಂಗಾತೀರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಸ್ಪ್ರಿಂಗ್ ಇದೆ, ಹಳೆ ಸೈಕಲ್ ಸ್ಟ್ಯಾಂಡಿನದು. ಪಟ್ಟಿ ಕೊರೆದು ನೋಡಿದೆ. 300ರಲ್ಲಿ 19.0 ಬಂತು, 190ರಲ್ಲಿ 18.4. ನನಗೆ ತುದಿಯಲ್ಲಿ ಕಡಿಮೆ ಬರುತ್ತಿದ್ದದ್ದೂ ಸರಿಯಾಗಿ 0.6!

ಅಪ್ಪನಿಗೆ ಎರಡು ಪಟ್ಟಿ ಕೈಗೆ ಕೊಟ್ಟೆ. ಬೆರಳಲ್ಲಿ ಸವರಿದರು. ‘ಠ ಕೊರೆಯುವಾಗ ಒಳಗಿನ ಚುಕ್ಕಿ ಸುತ್ತ ಕೈ ನಿಧಾನ ಆಗುತ್ತೆ. ಅಲ್ಲಿ ಗೆರೆ ಬಿಟ್ಟು ಹೊರಗೆ ಹೋಗ್ತಿದ್ದೆ, ಇಲ್ಲಾಂದ್ರೆ ಚುಕ್ಕಿನೇ ಉಳೀತಿರಲಿಲ್ಲ’ ಅಂದರು. ನಾನು ಚಿಕ್ಕವನಿದ್ದಾಗ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಪೆನ್ಸಿಲ್ ಗೆರೆಯ ಮೇಲೆ ಯಾಕೆ ಹೋಗಲ್ಲ ಅಂತ ಒಮ್ಮೆಯೂ ಕೇಳಿರಲಿಲ್ಲ.

ಈಗ ಬುಡಕ್ಕೆ 1.0, ತುದಿಗೆ 1.6 ಹಾಕಿ, ಬಿಸಿ ಒಂಚೂರು ಇಳಿಸಿ ಎಡ ರೆಕ್ಕೆ ಕೊರೆದೆ. ತುದಿ ದಪ್ಪ 16.5. ಹಿಂದಿನ ಅಂಚು ಒಂದೇ ಗೆರೆಯಲ್ಲಿ ಬಂದಿದೆ. ಅಪ್ಪ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾಳೆ ಬಲ ರೆಕ್ಕೆ.

ಬಾಲ್ಸಾ_ಬೆಂಗಳೂರು

ಚೆನ್ನಾಗಿದೆ! ಬಲ ರೆಕ್ಕೆಗೆ ಬುಡ-ತುದಿ ಕಂಬ ಅದಲು ಬದಲು ಮಾಡುವುದು ಮರೆಯಬೇಡಿ, 1.0 ಮತ್ತು 1.6 ಕೂಡ. ಅದೇ ಫೈಲ್ ಓಡಿಸಿದರೆ ಎರಡು ಎಡ ರೆಕ್ಕೆ ಬರುತ್ತವೆ.