ಮೂಲ ಅಂಕಪಟ್ಟಿ ಒಪ್ಪಿಸಿ ಕೆಲಸಕ್ಕೆ ಸೇರಲೇ?

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನಿಂದ):
ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನೂ ಮಾಡಿಸಿ ಮನೆಯಲ್ಲಿದ್ದೇನೆ. ಹೋದಲ್ಲೆಲ್ಲ ಅನುಭವ ಕೇಳುತ್ತಾರೆ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಕೋಲಾರದ ಒಂದು ಖಾಸಗಿ ಆಸ್ಪತ್ರೆ ಮಾತ್ರ ಒಪ್ಪಿದೆ. ಆದರೆ ಮೂಲ ಅಂಕಪಟ್ಟಿಗಳು ಎರಡು ವರ್ಷ ಅವರ ಬಳಿಯೇ ಇರಬೇಕಂತೆ. ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಮಾವಿನ ತೋಟದ ಮೇಲೆ ಸಾಲ ತೆಗೆದು ಓದಿಸಿದ ಅಪ್ಪ, ‘ಸೇರಿಬಿಡಮ್ಮ’ ಎನ್ನುತ್ತಾರೆ.

ಸಂಜೆ ಬೀದಿಯವರು ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಾಸ್ಕೋಪಿನಲ್ಲಿ ಬಡಿತ ಕೇಳಿಸಿಕೊಳ್ಳುವಷ್ಟು ಹೊತ್ತು ಮನಸ್ಸು ನೆಟ್ಟಗಿರುತ್ತದೆ. ಪಟ್ಟಿ ಬಿಚ್ಚುತ್ತಿದ್ದಂತೆಯೇ ‘ಯಾವ ಆಸ್ಪತ್ರೆಯಲ್ಲಿದ್ದೀಯಮ್ಮ?’ ಎಂಬ ಪ್ರಶ್ನೆ. ಮದುವೆ, ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಖಿನ್ನತೆಯ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳಿಗೆ ಇದು ಏನೆಂದು ಗೊತ್ತಾಗದೆ ಇಲ್ಲ. ಯಾರ ಮುಂದೆ ಬಾಯಿ ಬಿಡಬೇಕೆಂಬುದೇ ತಿಳಿಯುತ್ತಿಲ್ಲ.

ಉತ್ತರ (ಸ್ಟಾಫ್ ನರ್ಸ್, ಕೋಲಾರ):
ತಂಗಿ, ಮೂಲ ದಾಖಲೆ ಕೈಬಿಡಬೇಡ. ತೋರಿಸು, ಸ್ವಯಂ ದೃಢೀಕರಿಸಿದ ಪ್ರತಿ ಕೊಡು, ಅಷ್ಟೇ. ನಾಳೆ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗೆ ದಾಖಲೆ ಪರಿಶೀಲನೆಗೆ ಕರೆದರೆ ಯಾರ ಕಾಲು ಹಿಡಿಯುತ್ತೀಯ? ಅಂಥ ಪರದಾಟವನ್ನು ಕಣ್ಣಾರೆ ಕಂಡಿದ್ದೇನೆ.

ನಿದ್ದೆಯ ವಿಷಯ ಮಾತ್ರ ಕೆಲಸ ಸಿಗುವವರೆಗೆ ಮುಂದೂಡಬೇಡ. ಇಂದೇ 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಎಂದು 2022ರಲ್ಲಿ ಶುರುವಾದ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಎದುರು ಕುಳಿತು ಹೇಳಿಕೊಳ್ಳಬೇಕೆನಿಸಿದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಬಾ. ಜೊತೆಯಲ್ಲಿ ಓದಿದವರು ನೋಡಿಬಿಟ್ಟಾರು ಎಂಬ ಅಂಜಿಕೆಯಿಂದಲೇ ನಮ್ಮವರು ಆ ಬಾಗಿಲಿಗೆ ಹೋಗುವುದಿಲ್ಲ. ನೋಡಿದರೆ ನೋಡಲಿ.

ಉತ್ತರ (ಲ್ಯಾಬ್ ಟೆಕ್ನಿಷಿಯನ್, ಶಿರಾ):
ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿದ್ದೀರಾ? ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ. ಕೆಲಸ ಸಿಕ್ಕರೆ ನಿಲ್ಲುತ್ತದೆ. ಪರೀಕ್ಷೆಯ ಶುಲ್ಕ ಕಟ್ಟಲು ಅಪ್ಪನ ಮುಂದೆ ಕೈಚಾಚುವುದು ನನಗೆ ಇದರಿಂದಲೇ ತಪ್ಪಿತು.

ಪ್ರಶ್ನೆ ಕೇಳಿದವರು:
ಅಕ್ಕ, ಪ್ರತಿ ಮಾತ್ರ ಕೊಡುತ್ತೇನೆಂದು ಆಸ್ಪತ್ರೆಯವರಿಗೆ ಹೇಳುತ್ತೇನೆ. 14416ಕ್ಕೂ ಕರೆ ಮಾಡುತ್ತೇನೆ. ಅವರು ಒಪ್ಪದಿದ್ದರೆ ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ (ಸ್ಟಾಫ್ ನರ್ಸ್, ಕೋಲಾರ):
ಅಪ್ಪನನ್ನೂ ಕರೆದುಕೊಂಡು ಬಾ, ನಾನು ಮಾತನಾಡುತ್ತೇನೆ. ಈ ವಾರ ನನಗೆ ಬೆಳಗಿನ ಪಾಳಿ, ಮಧ್ಯಾಹ್ನದ ಮೇಲೆ ಬಿಡುವಿರುತ್ತದೆ.