ಅಲ್ಕೆಮಿ: ರಸವಿದ್ಯೆಯೋ, ಪರುಷವೋ, ಪುಟವೋ?

ಮಾನ್ಯರೆ,

ಕಾರ್ಲ್ ಯೂಂಗ್ ಅವರ ಮನಶ್ಶಾಸ್ತ್ರವನ್ನು ಕುರಿತ ಒಂದು ಬರಹವನ್ನು ರಾಯಚೂರಿನ ನಮ್ಮ ಓದುಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರು, ಅವರ ಮನೆಯವರು ಬಳಗದಲ್ಲಿದ್ದಾರೆ. ಅವರ ಕೈಗೆ ಹೋಗುವ ಬರಹವಾದ್ದರಿಂದ, ಅದರಲ್ಲಿ ಮತ್ತೆ ಮತ್ತೆ ಬರುವ ‘ಅಲ್ಕೆಮಿ’ಗೆ (ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ಹಳೆಯ ವಿದ್ಯೆಗೆ) ಕನ್ನಡದಲ್ಲಿ ಯಾವ ಪದ ಎಂಬುದನ್ನು ಹಗುರವಾಗಿ ತೀರ್ಮಾನಿಸಲು ಮನಸ್ಸಾಗುತ್ತಿಲ್ಲ.

ಯುರೋಪಿನ ರಸವಾದಿಗಳು ಮೂಸೆಯೊಳಗೆ ಕಂಡ ಬದಲಾವಣೆಗಳಲ್ಲಿ ತಮಗರಿವಿಲ್ಲದೆ ತಮ್ಮ ಮನಸ್ಸನ್ನೇ ಕಂಡರು ಎಂಬುದು 1944ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಯೂಂಗ್ ಮುಂದಿಟ್ಟ ವಾದ. ದ್ರವ್ಯ ಮೊದಲು ಕಪ್ಪಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ, ಕೊನೆಗೆ ಕೆಂಪೇರುತ್ತದೆ. ಆ ಕಪ್ಪಿನ ಹಂತಕ್ಕೆ ಲ್ಯಾಟಿನ್‌ನಲ್ಲಿ ನಿಗ್ರೆಡೊ ಎಂದು ಹೆಸರು. ಮನಸ್ಸು ಕುಸಿದು ಕತ್ತಲಾಗುವ ಕಾಲಕ್ಕೆ ಯೂಂಗ್ ಅದನ್ನು ಅನ್ವಯಿಸುತ್ತಾರೆ.

ಕನ್ನಡದಲ್ಲಿ ಇಂಥ ಮಾರ್ಪಾಡಿಗೆ ಥಟ್ಟನೆ ನೆನಪಾಗುವುದು ಪರುಷ. ಪರುಷ ಸೋಂಕಿ ಕಬ್ಬುನ ಹೊನ್ನಾಗುವ ಮಾತು ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅಲ್ಲಿ ಅದು ಕೃಪೆಯ ರೂಪಕ. ಆದರೆ ಪರುಷ ಹೊರಗಿನಿಂದ ಬರುತ್ತದೆ, ಮುಟ್ಟಿದ ಕ್ಷಣದಲ್ಲೇ ಕೆಲಸ ಮುಗಿಸುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗುತ್ತ, ಆಪ್ತಸಮಾಲೋಚಕರ ಬಳಿ ಹೋಗಿಬರುತ್ತಿರುವವರಿಗೆ ಈ ರೂಪಕ ಕೊಟ್ಟರೆ ‘ನಿನಗಿನ್ನೂ ಪರುಷ ಸೋಂಕಿಲ್ಲ’ ಎಂದಂತಾಗುತ್ತದೆ. ಅದು ಕ್ರೂರ. ಪರುಷವನ್ನು ಕೈಬಿಟ್ಟಿದ್ದೇನೆ.

ರಸವಿದ್ಯೆ ಎಂಬ ಪದಕ್ಕೆ ನಮ್ಮ ನೆಲದಲ್ಲೇ ತೂಕವಿದೆ. ವಿಜಯನಗರದ ಕಾಲದ, 14ನೆಯ ಶತಮಾನದ ಮಾಧವ ತನ್ನ ‘ಸರ್ವದರ್ಶನಸಂಗ್ರಹ’ದಲ್ಲಿ ಪಾದರಸವನ್ನೇ ಮುಕ್ತಿಯ ಸಾಧನವೆನ್ನುವ ರಸೇಶ್ವರ ದರ್ಶನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸಂಸಾರದ ಆಚೆಯ ಪಾರವನ್ನು ಕೊಡುವುದರಿಂದ ಪಾದರಸಕ್ಕೆ ಪಾರದ ಎಂಬ ಹೆಸರು ಎನ್ನುವ ನಿರುಕ್ತಿ ಅಲ್ಲಿದೆ. ಆದರೂ ಆ ದರ್ಶನದ ಕಣ್ಣು ದೇಹದ ಮೇಲೆ: ದೇಹವನ್ನು ಸ್ಥಿರಗೊಳಿಸಿ, ಬದುಕಿರುವಾಗಲೇ ಮುಕ್ತಿ ಪಡೆಯುವುದು ಅದರ ಗುರಿ. ಮನಸ್ಸಿನ ಮಾತಿಗೆ ಯೋಗಗ್ರಂಥವಾದ ‘ಹಠಯೋಗಪ್ರದೀಪಿಕೆ’ಯೇ ಹತ್ತಿರ. ಪಾದರಸವೂ ಮನಸ್ಸೂ ಸ್ವಭಾವತಃ ಚಂಚಲ, ಅವೆರಡೂ ಹಿಡಿತಕ್ಕೆ ಬಂದರೆ ಭೂಮಿಯಲ್ಲಿ ಸಿದ್ಧಿಸದ್ದು ಯಾವುದಿದೆ ಎಂದು ಅದು ಕೇಳುತ್ತದೆ. (ನಮ್ಮ ಊರಿನ ಉರ್ದು ಬಲ್ಲ ಹಿರಿಯರು ಕೀಮಿಯಾ ಎನ್ನುತ್ತಾರೆ. ಅಲ್ಕೆಮಿಯ ಅರಬ್ಬಿ ಮೂಲವೂ ಅದೇ. ಬರಹದಲ್ಲಿ ಒಂದು ಕಡೆ ಅದನ್ನೂ ಉಳಿಸಿಕೊಳ್ಳುವ ಆಸೆಯಿದೆ.)

ಶೀರ್ಷಿಕೆಗೆ ರಸವಿದ್ಯೆ ಸಾಕು. ಒಳಗಿನ ಕ್ರಿಯೆಗೆ ಮಾತ್ರ ನನ್ನ ಒಲವು ‘ಪುಟ’ದ ಕಡೆಗಿದೆ. ಹಟ್ಟಿಯಂಥ ಚಿನ್ನದ ಗಣಿಯಿರುವ ಜಿಲ್ಲೆಯಲ್ಲಿ ‘ಪುಟಕ್ಕಿಟ್ಟ ಚಿನ್ನ’ವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಯುರ್ವೇದದ ಪುಟ ಇನ್ನೂ ಹತ್ತಿರವಾಗುತ್ತದೆ. ಶೋಧಿಸಿದ ಲೋಹವನ್ನು ಗಿಡಮೂಲಿಕೆಯ ರಸದಲ್ಲಿ ಅರೆದು, ಬಿಲ್ಲೆ ಮಾಡಿ, ಎರಡು ಮಣ್ಣಿನ ತಟ್ಟೆಗಳ ನಡುವೆ ಮುಚ್ಚಿ, ಸಂದಿಗೆ ಮಣ್ಣು ಬಳಿದ ಬಟ್ಟೆ ಸುತ್ತಿ, ಬೆರಣಿಯ ಬೆಂಕಿಯಲ್ಲಿ ಸುಡುತ್ತಾರೆ. ಅದು ತಾನಾಗಿಯೇ ಆರುವವರೆಗೆ ತೆರೆಯುವಂತಿಲ್ಲ. ಅದಕ್ಕೆ ಸ್ವಾಂಗಶೀತ ಎನ್ನುತ್ತಾರೆ. ಒಂದು ಪುಟಕ್ಕೆ ಹದ ಬರದಿದ್ದರೆ ಮತ್ತೆ ಅರೆದು ಮತ್ತೆ ಪುಟ, ಅಭ್ರಕಕ್ಕಾದರೆ ನೂರು, ಸಾವಿರ ಪುಟಗಳ ಭಸ್ಮಗಳೂ ಇವೆ. ಚೇತರಿಕೆಯ ನಿಧಾನಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಪದ ನನಗೆ ಕಾಣುತ್ತಿಲ್ಲ.

ತೊಡಕು ಒಂದೇ. ‘ಮನಸ್ಸಿನ ಪುಟ’ ಎಂದು ಬರೆದರೆ ಓದುಗರಿಗೆ ಪುಸ್ತಕದ ಹಾಳೆಯೇ ಕಾಣುತ್ತದೆ. ‘ಪುಟಪಾಕ’ ಎಂದರೆ ಸರಿಹೋದೀತೇ, ಅಥವಾ ಎಲ್ಲ ಕಡೆಯೂ ‘ಪುಟಕ್ಕಿಡು’ ಎಂಬ ಕ್ರಿಯಾಪದವನ್ನೇ ಬಳಸಲೇ? ಕೊಪ್ಪಳ, ಗಂಗಾವತಿ, ಬಳ್ಳಾರಿಯ ಅಕ್ಕಸಾಲಿಗರ ಮಾತಿನಲ್ಲಿ ಇದಕ್ಕೆ ಬೇರೆ ರೂಪವಿದ್ದರೆ ದಯವಿಟ್ಟು ತಿಳಿಸಿ. ನಿಗ್ರೆಡೊಗೆ ‘ಕಿಟ್ಟ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಕಿಟ್ಟವೆಂದರೆ ತೆಗೆದು ಬಿಸಾಡುವಂಥದ್ದು, ಈ ಕಪ್ಪಾದರೋ ಮುಂದಿನ ಹಂತಕ್ಕೆ ಬೇಕಾದ ದ್ರವ್ಯವೇ. ಸದ್ಯಕ್ಕೆ ‘ಕಪ್ಪಡರುವಿಕೆ’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಸಹಜವಾದ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ?